ಹಸಿ ನೂಡಲ್ಸ್ ಹಸಿಯಲ್ಲ, ಎಲೆಕೋಸಿನ ಹುಳ ಎಲೆಕೋಸಿನದಲ್ಲ

ಮೈಸೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ಮುತ್ತಂಗದ ಬಳಿ ಕೇರಳದ ವಯನಾಡು ಜಿಲ್ಲೆಯನ್ನು ಸೇರುತ್ತದೆ. ನಂಜನಗೂಡಿನಲ್ಲಿ ಮ್ಯಾಗಿ ತಯಾರಿಸುವ ಕಾರ್ಖಾನೆಯಿದೆ. ಗುಂಡ್ಲುಪೇಟೆ ಸುತ್ತಿನ ಹೊಲಗಳ ಎಲೆಕೋಸು, ಕ್ಯಾರೆಟ್ ಲಾರಿ ಹತ್ತಿ ಇದೇ ದಾರಿಯಲ್ಲಿ ಕೇರಳಕ್ಕೆ ಹೋಗುತ್ತವೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ಹಾದಿ ಮುಚ್ಚಿರುವುದರಿಂದ ತರಕಾರಿ ಲಾರಿಗಳಿಗೆ ಸಂಜೆಯಾದಂತೆ ಅವಸರ ಹೆಚ್ಚು. ಹೀಗೆ ಒಂದೇ ರಸ್ತೆಯಲ್ಲಿ ಬರುವ ನೂಡಲ್ಸ್, ತರಕಾರಿಗಳನ್ನು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲೋ ಕಲ್ಪೆಟ್ಟದಲ್ಲೋ ಒಂದು ಬೋಗುಣಿಗೆ ಹಾಕಿದರೆ ಗರಿಗರಿ ನೂಡಲ್ಸ್ ಸಲಾಡ್ ಅರ್ಧ ಮುಗಿದಂತೆ.

ಸಣ್ಣಗೆ ಹೆಚ್ಚಿದ ಎಲೆಕೋಸು, ಹುರಿದ ಕಡಲೆಕಾಯಿ ಬೀಜ, ಎಳ್ಳು, ಸಿಹಿ-ಹುಳಿ ರಸ, ಮೇಲೆ ಪುಡಿಗುಟ್ಟಿದ ನೂಡಲ್ಸ್. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮನೆಗೊಂದು ಅಡುಗೆ ತಂದು ಹಂಚಿ ತಿನ್ನುವ ಪಾಟ್‌ಲಕ್ ಊಟಗಳಲ್ಲಿ ಇದು ಹಳೆಯ ಪರಿಚಯ. ಓಣಂ, ಕ್ರಿಸ್‌ಮಸ್ ಸಮಯದ ಕೂಟಗಳಿಗೂ, ಒಲೆ ಹಚ್ಚಲು ಮನಸ್ಸಿಲ್ಲದ ರಾತ್ರಿಯ ಊಟಕ್ಕೂ ಚೆನ್ನಾಗಿ ಹೊಂದುತ್ತದೆ. ಆದರೆ ಬೋಗುಣಿ ಮೇಜಿಗೆ ಬರುವ ಮೊದಲೇ ಆಕ್ಷೇಪಗಳು ಬರುತ್ತವೆ. ಅವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ಸತ್ಯ. ನಿಜವಾಗಿ ಎಚ್ಚರ ಬೇಕಾದ ಕಡೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

"ಬೇಯಿಸದ ನೂಡಲ್ಸ್ ತಿಂದರೆ ಹೊಟ್ಟೆ ಕೆಡುತ್ತದೆ"

ಪೊಟ್ಟಣದಲ್ಲಿ ಸಿಗುವ ಇನ್‌ಸ್ಟಂಟ್ ನೂಡಲ್ಸ್ ಕಾರ್ಖಾನೆಯಲ್ಲೇ ಬೆಂದಿರುತ್ತದೆ. ಮೈದಾ ಹಿಟ್ಟನ್ನು ಹಾಳೆಯಾಗಿ ಲಟ್ಟಿಸಿ, ಎಳೆಯಾಗಿ ಕತ್ತರಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಸುಮಾರು 140ರಿಂದ 160 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುತ್ತಾರೆ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೋ ಮಾರುಕಟ್ಟೆಗೆ ತಂದ ಚಿಕನ್ ರಾಮೆನ್‌ನ ಗುಟ್ಟೂ ಇದೇ: ಎಣ್ಣೆ ನೀರನ್ನು ಓಡಿಸುತ್ತದೆ, ನೀರು ಇದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಹಾಕಿದಾಗ ಬೇಗ ಮೆತ್ತಗಾಗುವುದಕ್ಕೂ ಒಣಗಿದ್ದಾಗ ಗರಿಗರಿ ಎನ್ನುವುದಕ್ಕೂ ಈ ರಂಧ್ರಗಳೇ ಕಾರಣ. ಕರಿದ ನೂಡಲ್ಸ್‌ನಲ್ಲಿ ತೇವಾಂಶ ಶೇ. 10ನ್ನು ಮೀರಬಾರದು ಎಂದು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹೇಳುತ್ತದೆ.

ಈ ಮಾತು ಎಲ್ಲ ನೂಡಲ್ಸ್‌ಗೂ ಅನ್ವಯಿಸುವುದಿಲ್ಲ, ಎಡವುವುದು ಇಲ್ಲಿಯೇ. ಕುದಿಸಲೆಂದೇ ಮಾರುವ ಹಕ್ಕಾ ನೂಡಲ್ಸನ್ನು, ಹುರಿಯದ ಗೋಧಿ ಶಾವಿಗೆಯನ್ನು ಹಾಗೇ ಸಲಾಡಿಗೆ ಉದುರಿಸಬಾರದು. ಹಸಿ ಹಿಟ್ಟಿನಲ್ಲಿ ರೋಗಾಣುಗಳು ಇರಬಲ್ಲವು; 2016ರಲ್ಲಿ ಅಮೆರಿಕದಲ್ಲಿ ಇ. ಕೋಲಿ ಸೋಂಕಿನ ಕಾರಣ ದೊಡ್ಡ ಪ್ರಮಾಣದ ಗೋಧಿ ಹಿಟ್ಟನ್ನೇ ಅಂಗಡಿಗಳಿಂದ ಹಿಂದಕ್ಕೆ ಪಡೆದಿದ್ದರು. ಒಣ ಅಕ್ಕಿ ನೂಡಲ್ಸ್ ಬೇರೆ ಜಾತಿ. ಚೆನ್ನಾಗಿ ಕಾದ ಎಣ್ಣೆಗೆ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಅರಳಿ ಬೆಳ್ಳಗಾಗುತ್ತದೆ. ಮೈದಾ ಬೇಡ ಎನ್ನುವವರಿಗೆ ಅದೇ ಉತ್ತಮ.

ನೂಡಲ್ಸ್ ಎಳೆಗಳಿಗೆ ಮೇಣ ಸವರುತ್ತಾರೆ ಎಂಬ ಮಾತಂತೂ ಶುದ್ಧ ಕಟ್ಟುಕಥೆ. ಕುದಿಸಿದ ನೀರಿನ ಮೇಲೆ ತೇಲುವುದು ಕರಿದ ಎಣ್ಣೆ, ನೀರು ಮಸುಕಾಗುವುದು ಪಿಷ್ಟದಿಂದ. ಕರಿದ ಎಳೆ ತಾನಾಗಿಯೇ ಬಿಡಿಬಿಡಿಯಾಗಿರುತ್ತದೆ, ಮೇಣದ ಅಗತ್ಯವೇ ಬೀಳುವುದಿಲ್ಲ.

"ಮ್ಯಾಗಿ ನಿಷೇಧವಾಗಿತ್ತಲ್ಲ, ಅಜಿನೋಮೊಟೊ ವಿಷವಲ್ಲವೇ?"

2015ರ ಜೂನ್ ತಿಂಗಳು ಇನ್ನೂ ಜನರ ನೆನಪಿನಲ್ಲಿದೆ. ಕೇರಳ ಸರ್ಕಾರ ತನ್ನ ಸಪ್ಲೈಕೋ ಮಳಿಗೆಗಳಿಂದ ಮ್ಯಾಗಿ ತೆಗೆಸಿತು. ಜೂನ್ 5ರಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ ತಡೆ ಹಾಕಿತು. ಆರೋಪ ಎರಡು: ಸೀಸ ಮಿತಿ ಮೀರಿದೆ, ಎಂಎಸ್‌ಜಿ (ಅಜಿನೋಮೊಟೊ) ಸೇರಿಸಿಲ್ಲ ಎಂದು ಬರೆದ ಪೊಟ್ಟಣದಲ್ಲಿ ಅದು ಪತ್ತೆಯಾಗಿದೆ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಈ ಆದೇಶವನ್ನು ರದ್ದುಮಾಡಿ ಮರುಪರೀಕ್ಷೆಗೆ ಹೇಳಿತು. ಮೊಹಾಲಿ, ಜೈಪುರ, ಹೈದರಾಬಾದಿನ ಪ್ರಯೋಗಾಲಯಗಳಲ್ಲಿ ಸೀಸ ಮಿತಿಯೊಳಗೇ ಕಂಡಿತು. ನವೆಂಬರಿನಲ್ಲಿ ಪೊಟ್ಟಣಗಳು ಮತ್ತೆ ಅಂಗಡಿಗೆ ಬಂದವು. ನಿಷೇಧದ ಸುದ್ದಿ ತಲುಪಿದ ಎಷ್ಟೋ ಮನೆಗಳಿಗೆ ಮರುಪರೀಕ್ಷೆಯ ಸುದ್ದಿ ತಲುಪಲೇ ಇಲ್ಲ.

ಎಂಎಸ್‌ಜಿ ವಿಷವಲ್ಲ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲ ಪಾಚಿಯ ಸಾರಿನಿಂದ ಬೇರ್ಪಡಿಸಿದ, ಅದರ ಮುಖ್ಯ ಅಂಶವಾದ ಗ್ಲುಟಮೇಟ್ ಟೊಮೆಟೊ, ಅಣಬೆಗಳಲ್ಲೂ ಸಹಜವಾಗಿದೆ. ಪೊಟ್ಟಣದಲ್ಲಿ ಚಿಂತೆ ಹುಟ್ಟಿಸಬೇಕಾದ್ದು ಸಾದಾ ಉಪ್ಪು. ಉಪ್ಪಿನ ತೂಕದಲ್ಲಿ ಸುಮಾರು ಶೇ. 39 ಸೋಡಿಯಂ, ಎಂಎಸ್‌ಜಿಯಲ್ಲಿ ಸುಮಾರು ಶೇ. 12 ಮಾತ್ರ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೂಡಲ್ಸ್‌ನ ಉಪ್ಪಿನಲ್ಲಿ ಹೆಚ್ಚಿನ ಪಾಲು ಮಸಾಲೆ ಪುಡಿಯಲ್ಲಿರುತ್ತದೆ. ಸಲಾಡಿಗೆ ಆ ಪುಡಿಯನ್ನು ಹಾಕದಿರುವುದೇ ಮೇಲು. ವಯನಾಡಿನಲ್ಲಿ ಶುಂಠಿಗೆ, ಕಾಳುಮೆಣಸಿಗೆ, ಮಲಯಾಳಿಗಳ ಕಾಂತಾರಿ ಅಂದರೆ ನಮ್ಮ ಸೂಜಿಮೆಣಸಿಗೆ ಬರವಿಲ್ಲದಿರುವಾಗ ಆ ಪುಟ್ಟ ಪೊಟ್ಟಣ ಯಾಕಾದರೂ ಬೇಕು!

"ಹಸಿ ಎಲೆಕೋಸಿನ ಹುಳ ಮಿದುಳಿಗೆ ಹೋಗುತ್ತದೆ"

ಎಲ್ಲಕ್ಕಿಂತ ಹೆಚ್ಚು ಹೆದರಿಸುವ ನಂಬಿಕೆ ಇದು. ಇದರಲ್ಲಿ ಒಂದು ಎಳೆ ಸತ್ಯವೂ ಇರುವುದರಿಂದ ತಳ್ಳಿಹಾಕುವಂತಿಲ್ಲ.

ಎಲೆಕೋಸಿನ ಮಡಿಕೆಯಲ್ಲಿ ಕಾಣುವ ಹಸಿರು ಹುಳ ಪತಂಗದ ಮರಿ. ಎಲೆ ತಿಂದು ಬದುಕುವ ಆ ಜೀವಕ್ಕೆ ಮನುಷ್ಯನ ದೇಹದಲ್ಲಿ ಉಳಿಗಾಲವಿಲ್ಲ. ಮಿದುಳಿಗೆ ಹೋಗಬಲ್ಲದ್ದು ಕಣ್ಣಿಗೇ ಕಾಣದ ಇನ್ನೊಂದು, ಹಂದಿ ಲಾಡಿಹುಳದ ಮರಿ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ, ಅವರ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆ ಕೊಳಚೆ ನೀರು, ಮಣ್ಣು, ತೊಳೆಯದ ಕೈ ಇವುಗಳ ಮೂಲಕ ಇನ್ನೊಬ್ಬರ ಬಾಯಿ ಸೇರಿದಾಗ ಮರಿಗಳು ರಕ್ತದೊಂದಿಗೆ ಮಿದುಳು ತಲುಪಿ ಅಪಸ್ಮಾರಕ್ಕೆ ಕಾರಣವಾಗಬಹುದು. ಹಂದಿಮಾಂಸ ಮುಟ್ಟದ ಸಸ್ಯಾಹಾರಿಗೂ ಈ ಕಾಯಿಲೆ ಬರುವುದು ಹೀಗೆ. ಎಲೆಕೋಸಿಗೆ ಕೆಟ್ಟ ಹೆಸರು ಬಂದದ್ದು ಅದನ್ನು ಹಸಿಯಾಗಿ ತಿನ್ನುವುದರಿಂದ. ಅದೇ ನೀರು ಸೋಕಿದ ಕೊತ್ತಂಬರಿ ಸೊಪ್ಪು, ಮೂಲಂಗಿ, ಕ್ಯಾರೆಟ್‌ಗಳಿಂದಲೂ ಅಪಾಯ ಅಷ್ಟೇ.

ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ನೆನೆಸಿದರೆ ಮೊಟ್ಟೆ ಸಾಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹೊರಗಿನ ಎರಡು ಮೂರು ಎಲೆ ಕಿತ್ತು, ಉಳಿದವನ್ನು ಒಂದೊಂದಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಇಡೀ ಕೋಸನ್ನು ಹೆಚ್ಚಿ ಆಮೇಲೆ ತೊಳೆಯುವುದು ತಲೆಕೆಳಗಾದ ಕ್ರಮ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಬಡಿಸುವುದಾದರೆ ಎಲೆಗಳನ್ನು ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತಣ್ಣೀರಿಗೆ ಹಾಕಬಹುದು. ಸ್ವಲ್ಪ ಬಿರುಸು ಕಳೆಯುತ್ತದೆ, ನೆಮ್ಮದಿ ಸಿಗುತ್ತದೆ.

"ಬೆಳಿಗ್ಗೆಯೇ ಕಲಸಿಟ್ಟರೆ ರುಚಿ ಹಿಡಿಯುತ್ತದೆ"

ಉಪ್ಪಿನಕಾಯಿಗೆ ಇದು ಸರಿ, ಈ ಸಲಾಡಿಗೆ ಮಾರಕ. ಎಲೆಕೋಸಿನಲ್ಲಿ ಶೇ. 90ಕ್ಕೂ ಹೆಚ್ಚು ನೀರಿದೆ. ಉಪ್ಪು, ಹುಳಿ ಬಿದ್ದೊಡನೆ ಅದು ಹೊರಗೆ ಬಂದು ನೂಡಲ್ಸ್ ಒಳಗೆ ಸೇರುತ್ತದೆ. ಮೈಸೂರಿನ ಚುರುಮುರಿ ಗಾಡಿಯವರು ಗಿರಾಕಿ ಮುಂದೆ ನಿಂತ ಮೇಲೆಯೇ ಕಲಸುವಂತೆ ಇದನ್ನೂ ಬಡಿಸುವ ಹೊತ್ತಿಗೆ ಕಲಸಬೇಕು. ಎಣ್ಣೆ ಹೆಚ್ಚು ಹಾಕಿದರೆ ಗರಿ ಉಳಿಯುತ್ತದೆ ಎಂಬುದೂ ತಪ್ಪು. ಮೆತ್ತಗಾಗಿಸುವ ನೀರು ಹೇಗೂ ಬೋಗುಣಿಯಲ್ಲೇ ಇದೆ.

ವಯನಾಡಿನಲ್ಲಿ ಗಾಳಿಯೂ ಒಂದು ಶತ್ರು. ತಾಮರಶ್ಶೇರಿ ಘಾಟಿಯ ತುದಿಯ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಚ್ಚಿಟ್ಟ ಪೊಟ್ಟಣ ತಾನಾಗಿಯೇ ಮೆತ್ತಗಾಗುತ್ತದೆ. ಅದು ಹಾಳಾಗಿದೆ ಎಂದು ಎಸೆಯಬೇಕಿಲ್ಲ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದರೆ ಗರಿ ಮರಳುತ್ತದೆ, ಘಮವೂ ಏರುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗ ಮುಚ್ಚಿದರೆ ಒಳಗಿನ ಹಬೆಯೇ ಕೆಡಿಸುತ್ತದೆ.

ಸಲಾಡ್ ಎಂದಮೇಲೆ ಮಯೋನೀಸ್ ಇರಲೇಬೇಕು ಎನ್ನುವವರಿಗೆ ಕೇರಳವೇ ಉತ್ತರ ಕೊಟ್ಟಿದೆ. ಆಹಾರ ವಿಷಬಾಧೆಯ ಪ್ರಕರಣಗಳ ನಂತರ 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ನಿಂಬೆರಸ, ಎಣ್ಣೆ, ಬೆಲ್ಲದ ಮಿಶ್ರಣ ಹಗುರ, ಸುರಕ್ಷಿತ.

"ಹಸಿರು ಚುಕ್ಕಿ ಇದ್ದರೆ ಎಲ್ಲರೂ ತಿನ್ನಬಹುದು"

ಸುಲ್ತಾನ್ ಬತ್ತೇರಿಯಲ್ಲಿ ಹಳೆಯ ಕಲ್ಲಿನ ಜೈನ ಬಸದಿಯಿದೆ.  ಜಿಲ್ಲೆಯಲ್ಲಿ ಜೈನ ಮನೆತನಗಳು ಇಂದಿಗೂ ಇವೆ. ಅವರಿಗೆ ಪೊಟ್ಟಣದ ಹಸಿರು ಚುಕ್ಕಿಯೊಂದೇ ಸಾಲದು; ಅದು ಮಾಂಸ, ಮೀನು, ಮೊಟ್ಟೆ ಇಲ್ಲ ಎಂದಷ್ಟೇ ಹೇಳುತ್ತದೆ. ನೂಡಲ್ಸ್ ಮಸಾಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಪುಡಿ ಸಾಮಾನ್ಯ. ಕಟ್ಟುನಿಟ್ಟಾಗಿ ವ್ರತ ಪಾಲಿಸುವ ಜೈನ ಅತಿಥಿಗಳಿದ್ದರೆ ಮಸಾಲೆಯ ಜೊತೆಗೆ ಕ್ಯಾರೆಟ್, ಹಸಿ ಶುಂಠಿಯನ್ನೂ ಬಿಟ್ಟು ದೊಣ್ಣೆ ಮೆಣಸಿನಕಾಯಿ, ಕಾಳುಮೆಣಸು ಹಾಕಬೇಕು. ಊಟ ಸೂರ್ಯಾಸ್ತದ ಮೊದಲು ಆಗಬೇಕೆಂಬುದೂ ನೆನಪಿರಲಿ.

ಎಂಟು ಜನರಿಗೆ ಅರ್ಧ ಕಿಲೋ ಎಲೆಕೋಸು, ಎರಡು ಕ್ಯಾರೆಟ್, 70 ಗ್ರಾಂನ ಎರಡು ನೂಡಲ್ಸ್ ಪೊಟ್ಟಣ, ಅರ್ಧ ಕಪ್ ಹುರಿದ ಕಡಲೆಕಾಯಿ ಬೀಜ, ಎರಡು ಚಮಚ ಎಳ್ಳು ಸಾಕು. ರಸಕ್ಕೆ ಎಣ್ಣೆ ಮೂರು ದೊಡ್ಡ ಚಮಚ, ನಿಂಬೆರಸ ಅಷ್ಟೇ, ಬೆಲ್ಲದ ಪುಡಿ ಒಂದೂವರೆ, ತುರಿದ ಶುಂಠಿ, ಜಜ್ಜಿದ ಸೂಜಿಮೆಣಸು ಒಂದು. ತೊಳೆದ ಕೋಸನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಹೆಚ್ಚಿ. ತರಕಾರಿ, ರಸ, ನೂಡಲ್ಸ್ ಮೂರು ಡಬ್ಬಿಯಲ್ಲಿ ಬೇರೆಬೇರೆ ಹೋಗಲಿ. ಉಪ್ಪು ಕಟ್ಟಕಡೆಗೆ. ಕಲಸಿದ್ದನ್ನು ಎರಡು ಗಂಟೆಯೊಳಗೆ ತಿಂದು ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ಕಡಲೆಕಾಯಿ, ಎಳ್ಳು, ಗೋಧಿ ಒಗ್ಗದವರು ಕೂಟದಲ್ಲಿ ಇರಬಹುದು. ಇವು ಇವೆಯೆಂದು ಒಂದು ಚೀಟಿಯಲ್ಲಿ ಬರೆದು ಬೋಗುಣಿಯ ಪಕ್ಕ ಇಡಿ.