ಕುಂಡಗಳ ಗೋಪುರದಲ್ಲಿ ಟೊಮೇಟೋ

ಪಟ್ಟಣವಾಸಿಗಳಾದ ಗೃಹಸ್ಥರಿಗೆ ಹಿತ್ತಿಲು ದುರ್ಲಭವಾಗಿರುವ ಈ ಕಾಲದಲ್ಲಿ ಕುಂಡದ ಮೇಲೆ ಕುಂಡವನ್ನು ಪೇರಿಸಿ ಮಾಳಿಗೆಯ ಮೇಲೆ ತರಕಾರಿ ಬೆಳೆಯುವ ಪದ್ಧತಿಯು ಬಳಕೆಗೆ ಬಂದಿರುವುದು ಸಂತೋಷಕರವೇ ಸರಿ. ಆದರೆ ಬಿಸಿಲು ಹೆಚ್ಚೆಂದು ಅನೇಕರು ಟೊಮೇಟೋ ಗಿಡವನ್ನು ಗೋಪುರದ ತುದಿಯಲ್ಲಿ ನೆಡುತ್ತಾರೆ. ಬಿಸಿಲೇನೋ ದೊರೆಯುತ್ತದೆ; ನೀರು ನಿಲ್ಲುವುದಿಲ್ಲ.

ಮೇಲಣ ಕುಂಡವು ಗಾಳಿಗೂ ತಾಪಕ್ಕೂ ಸಿಕ್ಕಿ ಎಲ್ಲಕ್ಕಿಂತ ಮೊದಲು ಒಣಗುವುದು. ಅದಕ್ಕೆರೆದ ನೀರು ಗೊಬ್ಬರದ ಸಾರದೊಡನೆ ಕೆಳಗಿಳಿದುಹೋಗುವುದು. ಹೀಗೆ ಒಮ್ಮೆ ಬರ, ಒಮ್ಮೆ ನೆರೆ ಎಂಬಂತಾದರೆ ಕಾಯಿಯ ಅಡಿಭಾಗವು ಕಪ್ಪಾಗಿ ಕೊಳೆಯುತ್ತದೆ. ಇದು ಕ್ರಿಮಿಬಾಧೆಯಲ್ಲ; ಮಣ್ಣಿನಲ್ಲಿ ಸುಣ್ಣದ ಅಂಶವಿದ್ದರೂ ನೀರಿನ ಏರುಪೇರಿನಿಂದ ಅದು ಕಾಯಿಗೆ ತಲುಪದಿರುವುದೇ ಕಾರಣ. ಔಷಧ ಸಿಂಪಡಿಸಿ ಹಣ ಕಳೆಯುವುದು ವ್ಯರ್ಥ.

ಆದುದರಿಂದ ಟೊಮೇಟೋವನ್ನು ತಳದ ಅಂತಸ್ತಿನಲ್ಲಿ, ಒಂದಡಿಗೆ ಕಡಮೆಯಿಲ್ಲದ ಆಳದ ಕುಂಡದಲ್ಲಿ, ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಮಗ್ಗುಲಿಗೆ ನೆಡತಕ್ಕದ್ದು. ನೆನೆದ ಮಣ್ಣು ಬಹು ಭಾರವಾದುದರಿಂದ ದೊಡ್ಡ ಕುಂಡವು ಕೆಳಗಿದ್ದರೆ ಗೋಪುರವೂ ಭದ್ರ. ಆ ಕುಂಡಕ್ಕೆ ರಂಧ್ರಗಳಿರಲೇಬೇಕು. ಇಲ್ಲವಾದರೆ ಮೇಲಿಂದಿಳಿದ ನೀರು ನಿಂತು ಬೇರು ಕೊಳೆಯುವುದು. ಮೇಲಕ್ಕೆ ಮೆಂತ್ಯ, ಕೊತ್ತಂಬರಿ ಸಾಕು. ಅವಕ್ಕೆ ಗೇಣುದ್ದ ಮಣ್ಣಿದ್ದರೂ ಆದೀತು. ತುದಿಯಲ್ಲಿಯೇ ಟೊಮೇಟೋ ಬೇಕೆಂಬುವರು ಗೋಲಿಯಂಥ ಹಣ್ಣು ಬಿಡುವ ಗಿಡ್ಡ ಚೆರ್ರಿ ಜಾತಿಯನ್ನು ಆರಿಸಿ, ಬೇಸಗೆಯಲ್ಲಿ ಎರಡು ಹೊತ್ತೂ ನೀರೆರೆಯಲು ಸಿದ್ಧರಿರಬೇಕು.

ದಕ್ಷಿಣ ಅಮೆರಿಕದಿಂದ ಬಂದ ಈ ಹಣ್ಣಿಗೆ ಅಮರಕೋಶದಲ್ಲಿ ಹೆಸರಿಲ್ಲ. ಆದರೂ ಇಂದು ಅನೇಕರ ಮನೆಯಲ್ಲಿ ಇದಿಲ್ಲದೆ ಸಾರು ಕುದಿಯದು! ಗಾಳಿಯಾಡದ ಮೊಗಸಾಲೆಯಲ್ಲಿ ಗಿಡವಿದ್ದರೆ, ಹೂವರಳಿದಾಗ ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಬೇಕು. ಪರಾಗವು ಉದುರಿ ಕಾಯಿ ಕಚ್ಚುವುದು.