ಮೈಯೊಳಗಣ ಕಿಡಿಗಳು

ಒಲೆಯ ಬೆಂಕಿಯು ಅನ್ನವನ್ನು ಬೇಯಿಸುತ್ತದೆ. ಅದೇ ಬೆಂಕಿಯು ಸೂರಿಗೆ ತಗಲಿದರೆ ಮನೆಯನ್ನೇ ಸುಡುತ್ತದೆ. ಹಾಗೆಂದು ಒಲೆಯನ್ನು ಹಚ್ಚದೆ ಕುಳಿತ ಗೃಹಸ್ಥನನ್ನು ಯಾರೂ ಕಾಣರು. ನಮ್ಮ ದೇಹದಲ್ಲಿಯೂ ಇಂತಹ ಕಿಡಿಗಳುಂಟು. ಇವುಗಳಿಗೆ ಫ್ರೀ ರ‍್ಯಾಡಿಕಲ್‌ಗಳೆಂದು ಹೆಸರು.

ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುವುವು. ಜೋಡಿಯಿಲ್ಲದ ಎಲೆಕ್ಟ್ರಾನುಳ್ಳ ಅಣುವೇ ಫ್ರೀ ರ‍್ಯಾಡಿಕಲ್. ಇಂತಹವುಗಳಲ್ಲಿ ಅನೇಕವು ನೆರೆಯ ಅಣುಗಳನ್ನು ಕೆಡಿಸಬಲ್ಲವು. ಮುಪ್ಪಿಗೆ ಇವೇ ಕಾರಣವೆಂದು ಅಮೆರಿಕೆಯ ಡೆನ್ಹಮ್ ಹಾರ್ಮನ್ ಎಂಬವರು 1956ರಲ್ಲಿ ವಾದಿಸಿದರು. ಅಂದಿನಿಂದ ಇವು ದೇಹದ ಶತ್ರುಗಳೆಂಬ ಅಪಖ್ಯಾತಿಯು ಬೆಳೆದು ಬಂದಿದೆ.

ಆದರೆ ಇವಿಲ್ಲದೆ ನಮಗೆ ಉಳಿವಿಲ್ಲ. ಗಾಯದ ಮೂಲಕ ರೋಗಾಣುಗಳು ಒಳಹೊಕ್ಕಾಗ ಬಿಳಿಯ ರಕ್ತಕಣಗಳು ಅವುಗಳನ್ನು ನುಂಗಿ, ಆಮ್ಲಜನಕದಿಂದ ಸೂಪರಾಕ್ಸೈಡ್ ಎಂಬ ರ‍್ಯಾಡಿಕಲ್ಲನ್ನು ತಯಾರಿಸುತ್ತವೆ. ಅದರಿಂದ ಹೈಡ್ರೊಜನ್ ಪೆರಾಕ್ಸೈಡೂ, ಮುಂದೆ ಹೈಪೋಕ್ಲೋರಸ್ ಆಮ್ಲವೂ ಹುಟ್ಟಿ ರೋಗಾಣುಗಳನ್ನು ಕೊಲ್ಲುತ್ತವೆ. ಬ್ಲೀಚಿಂಗ್ ಪುಡಿ ಹಾಕಿದ ಬಾವಿಯ ನೀರನ್ನು ಶುದ್ಧಗೊಳಿಸುವುದೂ ಈ ಆಮ್ಲವೇ! ಹುಟ್ಟಿನಿಂದಲೇ ಸೂಪರಾಕ್ಸೈಡನ್ನು ತಯಾರಿಸಲಾರದ ಮಕ್ಕಳು ವಿರಳವಾಗಿ ಉಂಟು. ಅವರ ಬಿಳಿಯ ಕಣಗಳು ಅನೇಕ ರೋಗಾಣುಗಳನ್ನು ನುಂಗಿದರೂ ಕೊಲ್ಲಲಾರವು. ಆ ಕಂದಮ್ಮಗಳ ಚರ್ಮ, ಶ್ವಾಸಕೋಶ, ಯಕೃತ್ತುಗಳಲ್ಲಿ ಪದೇ ಪದೇ ಕೀವು ಕಟ್ಟುವುದು.

ರಕ್ತನಾಳಗಳ ಒಳಪೊರೆಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಸಹ ಫ್ರೀ ರ‍್ಯಾಡಿಕಲ್ಲೇ. ಅದು ನಾಳಗಳನ್ನು ಸಡಿಲಿಸಿ ರಕ್ತದ ಒತ್ತಡವನ್ನು ಹದದಲ್ಲಿಡಲು ನೆರವಾಗುತ್ತದೆ. ಇದರ ಸಂಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೋ, ಮ್ಯುರಾಡ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನವು ಸಂದಿತು.

ಕಿಡಿಗಳು ಮಿತಿಮೀರದಂತೆ ದೇಹವೇ ಕಾವಲಿಟ್ಟಿದೆ. ಸೂಪರಾಕ್ಸೈಡನ್ನು ಅಡಗಿಸುವ ಕಿಣ್ವವೊಂದನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬವರು 1969ರಲ್ಲಿ ತೋರಿಸಿಕೊಟ್ಟರು. ಹೊಗೆಬತ್ತಿಯ ಸೇವನೆಯು ಈ ಕಾವಲಿನ ಮೇಲೆ ಹೊರೆ ಹೇರುತ್ತದೆ.

ಹಾಗಾದರೆ ರ‍್ಯಾಡಿಕಲ್‌ಗಳನ್ನು ಅಡಗಿಸುವ ಗುಳಿಗೆಗಳನ್ನು ನುಂಗಿದರೆ ಲೇಸಲ್ಲವೇ ಎಂದು ವಾಚಕರು ಕೇಳಬಹುದು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲವು 1994ರಲ್ಲಿ ಪ್ರಕಟವಾಯಿತು. ಬೀಟಾ ಕೆರೋಟಿನ್ ಗುಳಿಗೆಯನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಮೆಯಾಗಲಿಲ್ಲ. ಶೇಕಡಾ 18ರಷ್ಟು ಹೆಚ್ಚಿತು! ವ್ಯಾಯಾಮ ಮಾಡುವಾಗಲೂ ಸ್ನಾಯುಗಳಲ್ಲಿ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯೊಂದರಲ್ಲಿ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸಮಾಡತೊಡಗಿತು. ಆದರೆ ಸಿ ಮತ್ತು ಇ ವಿಟಮಿನ್ನುಗಳ ಗುಳಿಗೆ ನುಂಗಿದ ತರುಣರಿಗೆ ಆ ಲಾಭವು ದೊರೆಯಲಿಲ್ಲ.

ಆದುದರಿಂದ ವೈದ್ಯರು ಹೇಳದೆ ಇಂತಹ ಗುಳಿಗೆಗಳಿಗೆ ಹಣ ಸುರಿಯುವುದು ವಿವೇಕವಲ್ಲ. ಸೊಪ್ಪು, ಕಾಯಿಪಲ್ಯ, ನೆಲ್ಲಿಕಾಯಿ, ಹಣ್ಣುಗಳು ನಮ್ಮ ಅಡಿಗೆಮನೆಯಲ್ಲಿ ಎಂದಿನಂತೆ ಇರಲಿ. ಹೊಗೆಬತ್ತಿಯು ಮನೆಯ ಹೊಸ್ತಿಲನ್ನು ದಾಟದಿರಲಿ.