ಮೌನದಲ್ಲಿ ಮಾತು ಕಲಿಯುವ ಯುವಜನರು

ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಎದುರಿಗೆ 'ಫ್ರೆಂಡ್ಸ್ ಹೌಸ್' ಎಂಬ ಕಟ್ಟಡವಿದೆ. 1920ರ ದಶಕದಲ್ಲಿ ಕಟ್ಟಲಾದ ಇದು ಬ್ರಿಟನ್ನಿನ ಕ್ವೇಕರರ ಕೇಂದ್ರ ಕಾರ್ಯಾಲಯ. ಹೆಚ್ಚಿನ ವರ್ಷಗಳಲ್ಲಿ ಅವರ ವಾರ್ಷಿಕ ಸಮಾವೇಶ ನಡೆಯುವುದೂ ಇಲ್ಲಿಯೇ. ಸುಮಾರು ಸಾವಿರ ಮಂದಿ ಕುಳಿತುಕೊಳ್ಳಬಹುದಾದ ಸಭಾಂಗಣ. ಪೀಠವಿಲ್ಲ, ಗಾಯನವೃಂದವಿಲ್ಲ, ಧರ್ಮಗುರುಗಳೂ ಇಲ್ಲ. ಬಂದವರು ತಮ್ಮ ತಮ್ಮ ಆಸನಗಳಲ್ಲಿ ಕುಳಿತು ಸುಮ್ಮನಾಗುತ್ತಾರೆ. ನೂರಾರು ಜನರ ಆ ಮೌನದಲ್ಲಿ ನರೆತ ತಲೆಗಳೊಂದಿಗೆ ಹದಿಹರೆಯದ ಹುಡುಗ ಹುಡುಗಿಯರೂ ಇರುತ್ತಾರೆ.

ಐದು ನಿಮಿಷ ಒಂದೆಡೆ ಕುಳಿತಿರಲಾರರೆಂದು ನಾವು ದೂರುವ ವಯಸ್ಸಿನ ಮಕ್ಕಳನ್ನು ಅಲ್ಲಿ ಹಿಡಿದಿಡುವುದಾದರೂ ಯಾವುದು? ಮಕ್ಕಳು ಧರ್ಮದಿಂದ ದೂರ ಸರಿಯುತ್ತಿರುವರೆಂಬ ಅಳುಕು ಇರುವ ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಯಾರು ಈ ಕ್ವೇಕರರು?

1624ರಲ್ಲಿ ಜನಿಸಿದ ಜಾರ್ಜ್ ಫಾಕ್ಸ್ ಹತ್ತೊಂಬತ್ತರ ಪ್ರಾಯದಲ್ಲಿ ಮನೆ ತೊರೆದು, ದೇವರನ್ನರಸುತ್ತ ಇಂಗ್ಲೆಂಡಿನಲ್ಲಿ ಅಲೆದರು. ಪ್ರತಿ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕಿದೆ. ಕಾದು ಕುಳಿತವನಿಗೆ ಅದು ದಾರಿ ತೋರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. 1652ರ ಸುಮಾರಿಗೆ ಅವರ ಸುತ್ತ ರೂಪುಗೊಂಡ ಬಳಗವೇ ಮುಂದೆ 'ಮಿತ್ರರ ಧಾರ್ಮಿಕ ಸಂಘ'ವಾಯಿತು. 'ಕ್ವೇಕರ್' ಎಂದರೆ ನಡುಗುವವನು. ಹಂಗಿಸಲು ಇಟ್ಟ ಆ ಹೆಸರು ಇಂದು ಗೌರವದ ಹೆಸರಾಗಿದೆ. ಜಲದೀಕ್ಷಾಸ್ನಾನವನ್ನಾಗಲಿ ಪರಮಪ್ರಸಾದವನ್ನಾಗಲಿ ಅವರು ಆಚರಿಸುವುದಿಲ್ಲ. ಸಂಸ್ಕಾರಗಳಲ್ಲಿ ಬಾಳುವ ನಮಗೂ ಅವರಿಗೂ ಇರುವ ಈ ಅಂತರ ಸಣ್ಣದಲ್ಲ. ಆದರೆ ಯುದ್ಧಸಂತ್ರಸ್ತರ ಸೇವೆಗಾಗಿ 1947ರಲ್ಲಿ ಬ್ರಿಟನ್ ಹಾಗೂ ಅಮೆರಿಕದ ಕ್ವೇಕರ್ ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿ ಪುರಸ್ಕಾರ ದೊರೆತುದನ್ನು ಜಗತ್ತು ಬಲ್ಲದು.

ಈ ಸಂಘದ ಆರಂಭದ ಇತಿಹಾಸದಲ್ಲಿ ಎಳೆಯರ ಪಾತ್ರ ದೊಡ್ಡದು. ಜೇಮ್ಸ್ ಪಾರ್ನೆಲ್ ಎಂಬ ತರುಣ ಬೋಧಕ 1656ರಲ್ಲಿ ಕೋಲ್ಚೆಸ್ಟರ್ ಕೋಟೆಯ ಸೆರೆಮನೆಯಲ್ಲಿ ಪ್ರಾಣಬಿಟ್ಟಾಗ ಆತನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. 1682ರಲ್ಲಿ ಬ್ರಿಸ್ಟಲ್ ನಗರದ ಹಿರಿಯ ಕ್ವೇಕರರನ್ನೆಲ್ಲ ಬಂಧಿಸಿದಾಗ, ಅವರ ಮಕ್ಕಳೇ ಸೇರಿ ಮೌನಾರಾಧನೆಯನ್ನು ಮುಂದುವರಿಸಿದರು. ಅಧಿಕಾರಿಗಳು ಬೆದರಿಸಿದರು, ಹೊಡೆದರು, ಮಕ್ಕಳು ಬಿಡಲಿಲ್ಲ. ಯುವಜನರು 'ನಾಳಿನ ಸಭೆ'ಯಲ್ಲ, ಇಂದಿನ ಸಭೆ ಎಂಬ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಮತದಾನವಿಲ್ಲದ ತೀರ್ಮಾನ

ವಾರ್ಷಿಕ ಸಮಾವೇಶವು ಬರಿಯ ಉತ್ಸವವಲ್ಲ. ಸಂಘದ ವ್ಯವಹಾರಗಳೂ ಅಲ್ಲಿ ತೀರ್ಮಾನವಾಗುತ್ತವೆ. ಸಭೆಯನ್ನು ನಡೆಸಿಕೊಡುವವರಿಗೆ 'ಕ್ಲಾರ್ಕ್' ಎಂದು ಹೆಸರು. ಮಾತನಾಡಬೇಕೆಂಬ ಪ್ರೇರಣೆಯಾದವರು ಎದ್ದು ನಿಲ್ಲುತ್ತಾರೆ. ಕ್ಲಾರ್ಕ್ ಕರೆದ ಮೇಲೆಯೇ ಮಾತು. ಒಬ್ಬರು ಮುಗಿಸಿದೊಡನೆ ಇನ್ನೊಬ್ಬರು ಆರಂಭಿಸುವಂತಿಲ್ಲ. ಆಡಿದ ಮಾತು ಮನಸ್ಸಿಗೆ ಇಳಿಯುವಷ್ಟು ಹೊತ್ತು ಎಲ್ಲರೂ ಸುಮ್ಮನಿರಬೇಕು. ಚಪ್ಪಾಳೆಯಿಲ್ಲ, ವಾದವಿಲ್ಲ, ಕೈಯೆತ್ತಿ ಎಣಿಸುವ ಮತದಾನವೂ ಇಲ್ಲ. ಸಭೆಯ ಒಲವು ಯಾವ ಕಡೆಗಿದೆ ಎಂಬುದನ್ನು ಅರಿತು ಕ್ಲಾರ್ಕ್ ಅಲ್ಲಿಯೇ ನಡಾವಳಿಯನ್ನು ಬರೆದು ಓದುತ್ತಾರೆ. ಒಪ್ಪಿಗೆಯಾದರೆ ಸಭೆ ಹೇಳುವುದು 'ಹೌದು' ಎಂದಲ್ಲ. 'ಹಾಗೆಂದು ಆಶಿಸುತ್ತೇವೆ' ಎಂದು. ತಮಗೆ ತೋಚಿದ್ದೇ ದೈವಚಿತ್ತವೆಂದು ಹೇಳಿಕೊಳ್ಳಲು ಅಂಜುವ ವಿನಯ ಆ ಎರಡು ಪದಗಳಲ್ಲಿದೆ.

ಇದೇ ಕ್ರಮವನ್ನು ಹದಿಹರೆಯದವರೂ ಕೈಯಾರೆ ನಡೆಸಿ ಕಲಿಯುತ್ತಾರೆ. ಅವರಿಗಾಗಿ 'ಕಿರಿಯರ ವಾರ್ಷಿಕ ಸಮಾವೇಶ' ದಶಕಗಳಿಂದ ನಡೆದು ಬಂದಿದೆ. ವಿಷಯವನ್ನು ಆರಿಸುವಲ್ಲಿ, ಏರ್ಪಾಡು ಮಾಡುವಲ್ಲಿ, ಕ್ಲಾರ್ಕ್ ಆಗಿ ಕುಳಿತು ನಡಾವಳಿ ಬರೆಯುವಲ್ಲಿ ಕಿರಿಯರದೇ ಕೈ. ಹಿರಿಯರು ಹಿಂದೆ ನಿಂತು ನೆರವಾಗುತ್ತಾರೆ. ಆಟ, ಹರಟೆ, ತಡರಾತ್ರಿಯ ಗೆಳೆತನಗಳಿಗೂ ಅಲ್ಲಿ ಕೊರತೆಯಿಲ್ಲ. ಆದರೆ ನಗುತ್ತ ಓಡಾಡುತ್ತಿದ್ದವರೇ ಗಳಿಗೆಯೊಂದರಲ್ಲಿ ವೃತ್ತಾಕಾರವಾಗಿ ಕುಳಿತು ಮೌನಕ್ಕೆ ಇಳಿಯುತ್ತಾರೆ.

ಆ ಮೌನ ಮೊದಲ ದಿನವೇ ಸಿಹಿಯಾಗುವುದೆಂದು ಭಾವಿಸಬೇಕಿಲ್ಲ. ಹೊಸದಾಗಿ ಬಂದವನಿಗೆ ಗಡಿಯಾರದ ಮುಳ್ಳು ಸರಿಯುವುದೇ ಇಲ್ಲ. ಎದ್ದು ಮಾತನಾಡಲೇ ಬೇಡವೇ ಎಂದು ಎದೆ ಹೊಡೆದುಕೊಳ್ಳುತ್ತದೆ. ಆಡಿದ ಮೇಲೆ ಆಡಬಾರದಿತ್ತೇನೋ ಎಂಬ ಸಂಕೋಚ. ಆದರೆ ತನ್ನ ತೊದಲು ಮಾತನ್ನೂ ಯಾರೂ ನಡುವೆ ತಡೆಯಲಿಲ್ಲ, ತಿದ್ದಲಿಲ್ಲ, ನಗಲಿಲ್ಲ ಎಂಬುದನ್ನು ಕಂಡಾಗ ಆ ಹುಡುಗ ಎರಡು ಪಾಠಗಳನ್ನು ಕಲಿಯುತ್ತಾನೆ: ತನ್ನ ಮಾತಿಗೆ ಬೆಲೆಯಿದೆ, ಆದುದರಿಂದಲೇ ಅದನ್ನು ತೂಗಿ ಆಡಬೇಕು.

ಸಮಾವೇಶದ ಕೊನೆಗೆ ಜಗತ್ತಿನ ಎಲ್ಲ ಮಿತ್ರರಿಗೆ ಪತ್ರವೊಂದನ್ನು ಬರೆಯುವುದು ಕ್ವೇಕರರ ಹಳೆಯ ವಾಡಿಕೆ. ಸಂತ ಪೌಲರ ಪತ್ರಗಳ ನೆನಪು ತರುವ ವಾಡಿಕೆಯಿದು. ಕಿರಿಯರೂ ತಮ್ಮದೇ ಪತ್ರ ಬರೆಯುತ್ತಾರೆ. ತಾವು ಕಂಡ ಸಂತೋಷ, ತಮ್ಮ ಸಂದೇಹ, ಹಿರಿಯರಿಂದ ತಾವು ಬಯಸುವುದು ಎಲ್ಲಕ್ಕೂ ಅದರಲ್ಲಿ ಎಡೆಯಿದೆ. ಹಿರಿಯರು ಅದನ್ನೂ ಮೌನವಾಗಿ ಆಲಿಸುತ್ತಾರೆ.

ಹಿಂದಿರುಗಿದ ಮೇಲೆ

ಇಷ್ಟೆಲ್ಲ ಇದ್ದರೂ ಬ್ರಿಟನ್ನಿನಲ್ಲಿ ಕ್ವೇಕರರ ಸಂಖ್ಯೆ ದಶಕಗಳಿಂದ ಇಳಿಯುತ್ತ ಬಂದಿದೆ ಎಂಬುದನ್ನು ಮುಚ್ಚಿಡಲಾಗದು. ಸಮಾವೇಶದಲ್ಲಿ ನೂರು ಗೆಳೆಯರ ನಡುವೆ ಇದ್ದ ಹುಡುಗಿ ತನ್ನ ಊರಿಗೆ ಮರಳಿದರೆ, ಭಾನುವಾರದ ಆರಾಧನೆಯಲ್ಲಿ ಅವಳೊಬ್ಬಳೇ ಎಳೆಯಳಾಗಿರಬಹುದು. ಸಮಾವೇಶದಲ್ಲಿ ದೊರೆತ ಆಪ್ತತೆ ಊರಿನಲ್ಲಿ ದೊರೆಯದಾಗ ನಿರಾಸೆ ಸಹಜ. ಯುವಜನರಿಗೆ ಒಂದು ವಾರಾಂತ್ಯವನ್ನು ಕೊಟ್ಟರೆ ಸಾಲದು. ವರ್ಷದ ಉಳಿದ ಭಾನುವಾರಗಳನ್ನೂ ಕೊಡಬೇಕು.

ಇನ್ನೊಂದು ಕಹಿ ಅನುಭವ 2005ರದು. ಆ ವರ್ಷ ಇಂಗ್ಲೆಂಡಿನ ಲ್ಯಾಂಕಸ್ಟರ್‌ನಲ್ಲಿ ವಿಶ್ವದ ಯುವ ಕ್ವೇಕರರ ಸಮಾವೇಶ ಏರ್ಪಟ್ಟಿತ್ತು. ಇಂದು ಅತ್ಯಧಿಕ ಕ್ವೇಕರರಿರುವ ದೇಶ ಕೆನ್ಯಾ. ಅಲ್ಲಿನ ಆರಾಧನೆಯಲ್ಲಿ ಬೋಧಕರೂ ಇದ್ದಾರೆ, ಹಾಡೂ ಇದೆ. ಆದರೆ ಆಫ್ರಿಕಾದ ಅನೇಕ ಯುವಪ್ರತಿನಿಧಿಗಳಿಗೆ ಬ್ರಿಟನ್ನಿನ ವೀಸಾ ಸಿಗಲಿಲ್ಲ. ಯುವಜನರು ಕೈಚೆಲ್ಲಿ ಕೂರಲಿಲ್ಲ. ಅದೇ ವರ್ಷ ಕೆನ್ಯಾದಲ್ಲಿಯೇ ಮತ್ತೊಂದು ಸಮಾವೇಶ ನಡೆಯಿತು. ಬರಲಾಗದವರಿದ್ದ ಕಡೆಗೆ ಸಭೆಯೇ ಹೋಯಿತು.

ನಮ್ಮ ಮನೆಗಳಲ್ಲಿ

ಯುವಜನರನ್ನು ಆಲಿಸುವ ಈ ಹಂಬಲ ನಮಗೂ ಹೊಸದಲ್ಲ. 2018ರಲ್ಲಿ ರೋಮಿನಲ್ಲಿ ಯುವಜನರ ಕುರಿತೇ ಸಿನೊಡ್ ನಡೆಯಿತು. ಅಕ್ಟೋಬರ್ 2023ರ ಸಿನೊಡ್‌ನಲ್ಲಿ ಕಾರ್ಡಿನಲರು, ಬಿಷಪರು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ದುಂಡುಮೇಜುಗಳ ಸುತ್ತ ಒಟ್ಟಿಗೆ ಕುಳಿತು, ಮಾತು ಮಾತಿನ ನಡುವೆ ಮೌನಕ್ಕೆ ಎಡೆಗೊಟ್ಟರು. ಪರಮಪ್ರಸಾದದ ಆರಾಧನೆಯ ಮೌನವಂತೂ ನಮ್ಮ ಪುರಾತನ ಸಂಪತ್ತು.

ಆದರೆ ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಏನಾಗುತ್ತದೆ? ಊಟ, ದೂರದರ್ಶನ, ಮೊಬೈಲ್. ಮಗ ಪ್ರಶ್ನೆಯೊಂದನ್ನು ಎತ್ತಿದರೆ ಅವನು ಬಾಯಿ ಮುಚ್ಚುವ ಮೊದಲೇ ನಮ್ಮ ಉತ್ತರ ಸಿದ್ಧವಾಗಿರುತ್ತದೆ. ಮಗಳು ಅನುಮಾನ ತೋಡಿಕೊಂಡರೆ ಅದನ್ನು ಅಧಿಕಪ್ರಸಂಗವೆಂದು ಗದರುತ್ತೇವೆ. ಜಪಸರದ ಕೊನೆಯ ಮಣಿಯ ಬಳಿಕ ಐದೇ ನಿಮಿಷ ಎಲ್ಲರೂ ಸುಮ್ಮನೆ ಕುಳಿತು, ಅನಂತರ ಮನೆಯ ಅತ್ಯಂತ ಕಿರಿಯ ಸದಸ್ಯ ಮೊದಲು ಮಾತನಾಡಲಿ. ಅವನು ಮುಗಿಸಿದ ಮೇಲೆ ನಾವು ತುಸು ಹೊತ್ತು ಕಾಯೋಣ. ಬಾಲಕ ಸಮುವೇಲನಿಗೆ ದೇವರ ಕರೆ ಕೇಳಿಸಿದ್ದು ಇರುಳಿನ ನಿಶ್ಶಬ್ದದಲ್ಲಿ. ಅದು ದೇವರ ಕರೆಯೆಂದು ಗುರುತಿಸಿ ಹೇಳಿಕೊಟ್ಟವರು ವೃದ್ಧ ಏಲಿ. ಇಬ್ಬರೂ ಬೇಕು.